ಒಂದು ಕ್ರಿಯಾಪದದಿಂದ ಹೋದ ಹಮಾಲಿ

ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯಲು ಸೇರಿದಾಗ, ಹೊರರಾಜ್ಯದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿತು. ಒಂದು ಮಧ್ಯಾಹ್ನ ಹಮಾಲರು ಬೇಳೆಯ ಚೀಲಗಳನ್ನು ಲಾರಿಗೆ ಏರಿಸುತ್ತಿದ್ದಾಗಲೇ ಖರೀದಿದಾರರೊಬ್ಬರು ಮಾಲಿನ ಬಗ್ಗೆ ವಿಚಾರಿಸಿದರು. ನಾನು ‘ವಿ ಲೋಡ್ ದ ಲಾರಿ’ ಎಂದು ಉತ್ತರ ಬರೆದೆ. ಈಗ ತುಂಬಿಸುತ್ತಿದ್ದೇವೆ ಎಂಬುದು ನನ್ನ ಅರ್ಥವಾದರೆ, ಲಾರಿ ತುಂಬಿಸುವುದು ನಮ್ಮ ವಾಡಿಕೆ, ಆದ್ದರಿಂದ ಅದರ ಖರ್ಚೂ ನಮ್ಮದೇ ಎಂಬುದು ಅವರು ಮಾಡಿಕೊಂಡ ಅರ್ಥ. ಬಿಲ್ಲಿನಲ್ಲಿ ಹಮಾಲಿ, ಅಂದರೆ ಚೀಲ ಏರಿಸಿದ ಕೂಲಿ, ಮುರಿದುಕೊಂಡೇ ಹಣ ಹಾಕಿದರು. ಸಾಹುಕಾರರು ಆ ಮೇಲನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿ, “ತಮ್ಮಾ, ಇದ್ರಾಗ ‘ಈಗ’ ಅನ್ನೋದು ಎಲ್ಲದ?” ಎಂದು ಕೇಳಿದರು.

ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ‘ಮಾಡುತ್ತೇನೆ’, ‘ಮಾಡುತ್ತಿದ್ದೇನೆ’ ಎಂಬ ಗ್ರಾಂಥಿಕ ರೂಪಗಳು ನನ್ನ ಕಿವಿಗೆ ಒಂದೇ ಬಗೆಯಾಗಿ ಕೇಳುತ್ತಿದ್ದವು. ನಾವು ಆಡುವ ಮಾತಿನಲ್ಲಾದರೋ ಭೇದ ಕಣ್ಣಿಗೆ ಹೊಡೆಯುವಂತಿದೆ: ‘ದಿನಾ ಮಾಡ್ತೀನಿ’, ‘ಈಗ ಮಾಡ್ಲಿಕ್ಕತ್ತೀನಿ’. ಹೀಗಾಗಿ ಬರೆಯುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲಿ ಕಲಬುರಗಿ ಮಾತಿನಲ್ಲೇ ಆಡಿಕೊಂಡು, ‘ಲಿಕ್ಕತ್ತ’ ಬಂದರೆ ‘ಆಮ್, ಈಸ್, ಆರ್’ ಜೊತೆಗೆ ‘ಇಂಗ್’ ಹಚ್ಚುವುದು, ಬಾರದಿದ್ದರೆ ಹಚ್ಚದಿರುವುದು ಎಂದು ನಿಯಮ ಮಾಡಿಕೊಂಡೆ. ‘ವಿ ಆರ್ ಹ್ಯಾವಿಂಗ್ ಸ್ಟಾಕ್’ ಎಂದು ಬರೆಯುವ ಚಟ ಇದರಿಂದಲೇ ಬಿಟ್ಟುಹೋಯಿತು. ‘ಮಾಲು ಅದ’ ಎನ್ನುತ್ತೇವೆಯೇ ಹೊರತು ‘ಮಾಲು ಇರ್ಲಿಕ್ಕತ್ತದ’ ಎಂದು ಯಾರೂ ಅನ್ನುವುದಿಲ್ಲವಾದ್ದರಿಂದ ಅಲ್ಲಿ ‘ವಿ ಹ್ಯಾವ್ ಸ್ಟಾಕ್’ ಎಂದರೆ ಸಾಕು. ಗೊತ್ತು, ಬೇಕು ಎಂಬ ಮಾತುಗಳದೂ ಇದೇ ಕಥೆ: ‘ಐ ನೋ’, ‘ಐ ವಾಂಟ್’.

ಆದರೆ ಈ ಒರೆಗಲ್ಲು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಫೋನಿನಲ್ಲಿ ‘ಕೇಳಿಸ್ಲಿಕ್ಕತ್ತಿಲ್ಲ’ ಎಂಬುದನ್ನು ‘ಐ ಆಮ್ ನಾಟ್ ಹಿಯರಿಂಗ್’ ಎಂದು ಎಷ್ಟು ದಿನ ಹೇಳಿದೆನೋ. ಇಂಗ್ಲಿಷಿನವರು ಹೇಳುವುದು ‘ಐ ಕಾಂಟ್ ಹಿಯರ್ ಯೂ’. ನಾಳೆಯ ಮಾತು ಬಂದಾಗ ಇನ್ನೂ ತೊಡಕು. ‘ನಾಳೆ ಕಳಸ್ತೀವಿ’ ಎಂಬಲ್ಲಿ ನಮ್ಮ ವರ್ತಮಾನವೇ ಭವಿಷ್ಯದ ಕೆಲಸವನ್ನೂ ಮಾಡುತ್ತದೆ. ಅದನ್ನು ನಂಬಿ ‘ವಿ ಸೆಂಡ್ ಟುಮಾರೊ’ ಎಂದು ಬರೆದರೆ ತಪ್ಪಾಗುತ್ತದೆ. ಲಾರಿ ಗೊತ್ತುಮಾಡಿ, ದಿನ ನಿಗದಿಯಾಗಿದ್ದರೆ ‘ವಿ ಆರ್ ಸೆಂಡಿಂಗ್ ಇಟ್ ಟುಮಾರೊ’ ಎನ್ನಬೇಕು. ‘ನಾಳೆ ಕಳಸ್ಲಿಕ್ಕತ್ತೀವಿ’ ಎಂದು ನಾವು ಆಡುವುದಿಲ್ಲವಾದ್ದರಿಂದ ಇದು ಕೈಗೆ ಹತ್ತಲು ತಿಂಗಳುಗಳೇ ಹಿಡಿದವು. ವೇಳಾಪಟ್ಟಿಯಂತೆ ಹೊರಡುವ ರೈಲಿಗೆ ಮಾತ್ರ ‘ದ ಟ್ರೇನ್ ಲೀವ್ಸ್ ಟುಮಾರೊ’ ನಡೆಯುತ್ತದೆ.

‘ಎಸ್’ ಅಕ್ಷರದ ವಿಷಯ ಸಣ್ಣದು. ‘ಹಿ ವಾಂಟ್ಸ್’ ಸರಿ. ಪ್ರಶ್ನೆಯಲ್ಲಿ ಆ ‘ಎಸ್’ ‘ಡಸ್’ ಒಳಗೆ ಸೇರಿಹೋಗುವುದರಿಂದ ‘ಡಸ್ ಹಿ ವಾಂಟ್’ ಎಂದೇ ಆಗಬೇಕು. ‘ಡಸ್ ಹಿ ವಾಂಟ್ಸ್’ ಎಂದರೆ ಒಂದೇ ಚೀಲವನ್ನು ಎರಡು ಸಲ ತೂಕಕ್ಕೆ ಹಾಕಿದಂತೆ.

ನನ್ನನ್ನು ಹೆಚ್ಚು ಕಾಡಿದ್ದು ‘ಇಂದ’. ‘ಹತ್ತು ವರ್ಷದಿಂದ ಮಾಲು ಕಳಸ್ಲಿಕ್ಕತ್ತೀವಿ’ ಎಂಬಲ್ಲಿ ‘ಲಿಕ್ಕತ್ತ’ ಇದ್ದರೂ ‘ವಿ ಆರ್ ಸಪ್ಲೈಯಿಂಗ್’ ಸಲ್ಲದು; ಹಿಂದೆ ಶುರುವಾಗಿ ಇಂದಿನವರೆಗೆ ಬಂದ ಕೆಲಸಕ್ಕೆ ‘ವಿ ಹ್ಯಾವ್ ಬೀನ್ ಸಪ್ಲೈಯಿಂಗ್’ ಬೇಕು. ನಮ್ಮ ‘ಇಂದ’ ಅಲ್ಲಿ ಎರಡಾಗಿ ಒಡೆಯುತ್ತದೆ: ಅವಧಿಗೆ ‘ಫಾರ್ ಟೆನ್ ಇಯರ್ಸ್’, ಶುರುವಾದ ವರ್ಷಕ್ಕೆ ‘ಸಿನ್ಸ್’. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇಂಥ ಸೀಮೆಯ ಮಾಲು ಎಂಬ ಭೌಗೋಳಿಕ ಗುರುತು) ಸಿಕ್ಕಿದ್ದನ್ನು ಹೊಸ ಖರೀದಿದಾರರಿಗೆ ತಿಳಿಸುವಾಗ ನಾನು ‘ಇಟ್ ಈಸ್ ಹ್ಯಾವಿಂಗ್ ಜಿಐ ಟ್ಯಾಗ್ ಸಿನ್ಸ್ 2019’ ಎಂದು ಬರೆದು, ಕಳುಹಿಸುವ ಮುನ್ನ ‘ಅದ’ ಎಂಬುದು ನೆನಪಾಗಿ ‘ಇಂಗ್’ ಹೊಡೆದುಹಾಕಿ, ‘ಸಿನ್ಸ್’ ಇರುವುದನ್ನು ಕಂಡು ಮತ್ತೆ ತಿದ್ದಿ, ಕೊನೆಗೆ ‘ಇಟ್ ಹ್ಯಾಸ್ ಹ್ಯಾಡ್ ದ ಜಿಐ ಟ್ಯಾಗ್ ಸಿನ್ಸ್ 2019’ ಎಂದು ಕಳುಹಿಸಿದೆ. ‘ಹ್ಯಾಸ್’ ಪಕ್ಕದಲ್ಲೇ ‘ಹ್ಯಾಡ್’ ಬಂದಿರುವುದನ್ನು ನೋಡಿ ಸಾಹುಕಾರರು ಈಗಲೂ ಅನುಮಾನದಿಂದ ಕನ್ನಡಕ ಏರಿಸುತ್ತಾರೆ.