‘ಆಫೀಸಿಗೆ ಬನ್ನಿ’ ಎಂಬ ಮೇಲ್ ಬಂದಾಗ: ದಾವಣಗೆರೆಯಲ್ಲಿ ಕುಳಿತು ಲೆಕ್ಕ ಹಾಕುವುದು ಹೇಗೆ?

2020ರ ಮಾರ್ಚ್ ಕೊನೆಯ ವಾರದ ಲಾಕ್‌ಡೌನ್‌ಗೆ ಮೊದಲು ಬೆಂಗಳೂರಿನ ಪಿ.ಜಿ. ಖಾಲಿ ಮಾಡಿ, ಲ್ಯಾಪ್‌ಟಾಪ್ ಬಗಲಿಗೇರಿಸಿಕೊಂಡು ದಾವಣಗೆರೆ, ಚಿತ್ರದುರ್ಗಗಳಿಗೆ ಮರಳಿದ ಅನೇಕರು ಇಂದಿಗೂ ವಾರಕ್ಕೆ ಕೆಲವು ದಿನವಾದರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಅಂಥವರಿಗೆ ಈಗ ಒಂದರ ಹಿಂದೊಂದು ಮೇಲ್ ಬರುತ್ತಿದೆ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರಲು ಹೇಳಿತು. ಅದೇ ನವೆಂಬರ್‌ನಲ್ಲಿ ವಿಪ್ರೊ ವಾರಕ್ಕೆ ಮೂರು ದಿನ ಎಂದಿತು. ಇನ್ಫೊಸಿಸ್ ತಿಂಗಳಿಗೆ 10 ದಿನ ಎಂಬ ನಿಯಮ ಹಿಡಿಯಿತು. ಅಮೆಜಾನ್ 2025ರ ಜನವರಿ 2ರಿಂದ ಐದು ದಿನಕ್ಕೆ ಮರಳಿತು. ಹೋಗುವುದೋ, ಮನೆಯಲ್ಲೇ ಉಳಿಯಲು ಅನುಮತಿ ಕೇಳುವುದೋ, ಬೇರೆ ಕೆಲಸ ಹುಡುಕುವುದೋ ಎಂಬುದನ್ನು ತೀರ್ಮಾನಿಸಬೇಕಾದವರಿಗಾಗಿ ಈ ಲೇಖನ.

ಬೆಂಗಳೂರಿನಲ್ಲಿ ಇರುವವರಿಗೆ ಇದು ದಿನಚರಿಯ ಪ್ರಶ್ನೆ. ಸುಮಾರು 265 ಕಿಲೋಮೀಟರ್ ದೂರದ ದಾವಣಗೆರೆಯಲ್ಲೋ 200 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲೋ ಇರುವವರಿಗೆ ಇದು ಸಂಸಾರವನ್ನೇ ಎತ್ತಿಡುವ ಪ್ರಶ್ನೆ. ಆದ್ದರಿಂದ ಬೆಂಗಳೂರಿನ ಸಹೋದ್ಯೋಗಿಗಳು ಹಾಕುವ ಲೆಕ್ಕವನ್ನು ನಾವು ಹಾಗೆಯೇ ಎತ್ತಿಕೊಂಡರೆ ಮೋಸ ಹೋಗುತ್ತೇವೆ.

ಮೊದಲ ಹೆಜ್ಜೆ: ಉತ್ತರಿಸುವ ಮುನ್ನ ಎರಡು ಕಾಗದ ಓದಿ

ಒಂದು, ಬಂದಿರುವ ಮೇಲ್. ಇನ್ನೊಂದು, ಕೆಲಸಕ್ಕೆ ಸೇರಿದಾಗ ಸಹಿ ಹಾಕಿದ ನೇಮಕಾತಿ ಪತ್ರ. ನೇಮಕಾತಿ ಪತ್ರದಲ್ಲಿ ‘ಕೆಲಸದ ಸ್ಥಳ’ ಎಂಬ ಕಲಮು ಏನು ಹೇಳುತ್ತದೆ ಎಂಬುದನ್ನು ನೋಡಿ. ಅಲ್ಲಿ ಬೆಂಗಳೂರು ಎಂದಿದ್ದು, ಕಂಪನಿ ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು ಎಂಬ ಸಾಲೂ ಇದ್ದರೆ, ಇಷ್ಟು ವರ್ಷ ಮನೆಯಿಂದ ಮಾಡಿದೆ ಎಂಬ ಒಂದೇ ಕಾರಣಕ್ಕೆ ಅದು ಹಕ್ಕಾಗುವುದಿಲ್ಲ. ಮನೆಯಿಂದ ಕೆಲಸ ಮಾಡುವುದನ್ನು ಎಲ್ಲ ಉದ್ಯೋಗಿಗಳ ಹಕ್ಕೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಕಾನೂನಿನ ಆಸರೆ ಸ್ವಲ್ಪವಾದರೂ ಸಿಗುವ ಸಂದರ್ಭಗಳು ಎರಡು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯು ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ್ದಲ್ಲದೆ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ ರಜೆಯ ನಂತರವೂ ಇಬ್ಬರೂ ಒಪ್ಪಿದ ಷರತ್ತುಗಳ ಮೇಲೆ ಮನೆಯಿಂದ ಕೆಲಸ ಮಾಡಬಹುದು ಎಂದಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂಬ ತತ್ವವಿದೆ. ನೀವು ಈ ಎರಡರಲ್ಲಿ ಯಾವುದಕ್ಕಾದರೂ ಸೇರುವವರಾದರೆ ಅದನ್ನು ಹೆಸರಿಸಿಯೇ ಬರೆಯಿರಿ.

ಮೇಲ್‌ನಲ್ಲಿ ಹುಡುಕಬೇಕಾದ ಸಂಗತಿಗಳು ಬೇರೆ. ಎಷ್ಟು ದಿನ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ದಿನಗಳನ್ನು ವಾರದ ಲೆಕ್ಕದಲ್ಲಿ ಎಣಿಸುತ್ತಾರೋ, ತಿಂಗಳ ಲೆಕ್ಕದಲ್ಲೋ, ಮೂರು ತಿಂಗಳ ಸರಾಸರಿಯಲ್ಲೋ ಎಂಬುದು ಬೀಳುವುದಿಲ್ಲ. ನಮ್ಮ ಪಾಲಿಗೆ ಮುಖ್ಯವಾದದ್ದು ಅದೇ. ಹಾಜರಾತಿಗೂ ಸಂಬಳಕ್ಕೂ ಗಂಟು ಹಾಕಿದ್ದಾರೆಯೇ ಎಂಬುದನ್ನೂ ಗಮನಿಸಿ. 2024ರಲ್ಲಿ ಟಿಸಿಎಸ್ ತನ್ನ ವೇರಿಯಬಲ್ ಪೇಯನ್ನು, ಅಂದರೆ ಸಂಬಳದಲ್ಲಿ ಏರಿಳಿಯುವ ಭಾಗವನ್ನು, ಹಾಜರಾತಿಗೆ ಜೋಡಿಸಿದಾಗ, ಶೇ 85ಕ್ಕಿಂತ ಹೆಚ್ಚು ಹಾಜರಿದ್ದವರಿಗಷ್ಟೇ ಪೂರ್ತಿ ಮೊತ್ತ, ಶೇ 60ಕ್ಕಿಂತ ಕಡಿಮೆ ಇದ್ದವರಿಗೆ ಏನೂ ಇಲ್ಲ ಎಂದಾಯಿತು.

ಎರಡನೆಯ ಹೆಜ್ಜೆ: ಗಂಟೆಗಳ ಲೆಕ್ಕ

ಹಣಕ್ಕಿಂತ ಮೊದಲು ಗಂಟೆಗಳನ್ನು ಬರೆದುಕೊಳ್ಳಬೇಕೆಂಬುದು ನನ್ನ ಅನುಭವ. ದಾವಣಗೆರೆಯ ನಿಟುವಳ್ಳಿಯಿಂದ ಹೊರಟು ಬಸ್ ಹಿಡಿದು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು, ಶಿರಾ, ತುಮಕೂರು ದಾಟಿ, ಬೆಂಗಳೂರಿನೊಳಗೆ ಇನ್ನೊಂದು ಗಂಟೆ ತೆವಳಿ ಕೋಣೆ ಸೇರುವಷ್ಟರಲ್ಲಿ ಆರೂವರೆ ಗಂಟೆ ಕಳೆದಿರುತ್ತದೆ ಎಂದು ಹಿಡಿಯೋಣ. ಹೋಗಿ ಬರಲು 13 ಗಂಟೆ.

ಈಗ ತಿಂಗಳಿಗೆ ಹತ್ತು ದಿನ ಕಚೇರಿ ಎಂಬ ನಿಯಮವನ್ನು ತೆಗೆದುಕೊಳ್ಳಿ. ಆ ಹತ್ತು ದಿನಗಳನ್ನು ಪ್ರತಿ ವಾರಕ್ಕೆ ಎರಡೋ ಮೂರೋ ದಿನ ಎಂದು ಹಂಚಿದರೆ ನಾಲ್ಕು ಬಾರಿ ಹೋಗಿ ಬರಬೇಕು. 52 ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಸಾಲದ್ದಕ್ಕೆ, ವಾರವೂ ತಂಗಲು ಕೋಣೆ ಬೇಕಾದ್ದರಿಂದ ತಿಂಗಳ ಬಾಡಿಗೆಯೂ ಪೂರ್ತಿ ಬೀಳುತ್ತದೆ. ಅದೇ ಹತ್ತು ದಿನಗಳನ್ನು ಸೋಮವಾರದಿಂದ ಶುಕ್ರವಾರದವರೆಗಿನ ಎರಡು ಕಂತುಗಳಾಗಿ ಮುಗಿಸಲು ಬಿಟ್ಟರೆ ಎರಡೇ ಪ್ರಯಾಣ, 26 ಗಂಟೆ. ಕೋಣೆಯಿಂದ ಕಚೇರಿಗೆ ನಡೆದು ಹೋಗಿ ಬರಲು ದಿನಕ್ಕೆ ಅರ್ಧ ಗಂಟೆ ಸೇರಿಸಿದರೂ 31 ಗಂಟೆ. ಬೆಂಗಳೂರಿನ ಹೊರವಲಯದಲ್ಲಿ ಮನೆಯಿರುವ, ಒಂದು ಕಡೆಗೆ ಒಂದೂವರೆ ಗಂಟೆ ಪ್ರಯಾಣಿಸುವ ಸಹೋದ್ಯೋಗಿಗೆ ಅದೇ ಹತ್ತು ದಿನಕ್ಕೆ 30 ಗಂಟೆ ಹಿಡಿಯುತ್ತದೆ. ಇಬ್ಬರೂ ಹೆಚ್ಚೂಕಡಿಮೆ ಸಮವಾದರು.

ಆದ್ದರಿಂದ ದಾವಣಗೆರೆಯವರು ಮ್ಯಾನೇಜರ್ ಬಳಿ ಚೌಕಾಸಿ ಮಾಡಬೇಕಾದದ್ದು ಮೂರು ದಿನವನ್ನು ಎರಡಕ್ಕೆ ಇಳಿಸಿ ಎಂದಲ್ಲ. ಮಂಗಳವಾರ, ಗುರುವಾರ ಬಾ ಎನ್ನುವ ಎರಡು ದಿನಗಳ ನಿಯಮ ನಮಗೆ ಐದು ದಿನಗಳಷ್ಟೇ ದುಬಾರಿ. ದಿನಗಳನ್ನು ಒಟ್ಟುಗೂಡಿಸಿ ಮುಗಿಸಲು ಬಿಡಿ ಎಂದು ಕೇಳಬೇಕು. ಕಂಪನಿಗೆ ಇದರಿಂದ ಹಾಜರಾತಿಯ ಲೆಕ್ಕದಲ್ಲಿ ಒಂದು ದಿನವೂ ನಷ್ಟವಿಲ್ಲವಾದ್ದರಿಂದ ಒಪ್ಪಿಸುವುದೂ ಸುಲಭ.

ಪ್ರಯಾಣದ ಬಗ್ಗೆ ಕೆಲವು ಸಣ್ಣ ಮಾತು. 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಬೆಳಗ್ಗೆ ಬೆಂಗಳೂರಿನಿಂದ ಹೊರಟು ಸಂಜೆ ಮೀರಿ ಅಲ್ಲಿಗೆ ಹಿಂತಿರುಗುವ ಕಾರಣ, ದಾವಣಗೆರೆಯಿಂದ ಬೆಳಗಿನ ಆಫೀಸಿಗೆ ಹೋಗಲು ಅದು ಕೆಲಸಕ್ಕೆ ಬಾರದು. ಆದರೆ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಹೋಗಿ, ಮುಂದಿನ ಶನಿವಾರ ಬೆಳಗಿನ ತಿಂಡಿಯ ಹೊತ್ತಿಗೆ ಮರಳುವವರಿಗೆ ಚೆನ್ನಾಗಿ ಹೊಂದುತ್ತದೆ. ಚಿತ್ರದುರ್ಗಕ್ಕೆ ಆ ಭಾಗ್ಯವಿಲ್ಲ. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗ ಮುಗಿಯುವವರೆಗೆ ಅಲ್ಲಿಯ ಹೆಚ್ಚಿನವರಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ಗಳಲ್ಲಿ ಟಿಕೆಟ್ ಉಚಿತ, ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಅನ್ವಯಿಸದು. ಕಾರಿನಲ್ಲಿ ಹೋಗುವವರು 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಆರಂಭವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಬಹುದು. ಅದರಲ್ಲಿ 200 ಟ್ರಿಪ್ ಸಿಗುತ್ತದೆ, ಆದರೆ ಹೆದ್ದಾರಿಯ ಒಂದೊಂದು ಟೋಲ್ ದಾಟಿದಾಗಲೂ ಒಂದು ಟ್ರಿಪ್ ಕಳೆಯುತ್ತದೆ ಎಂಬುದು ನೆನಪಿರಲಿ.

ಮೂರನೆಯ ಹೆಜ್ಜೆ: ಹಣದ ಲೆಕ್ಕ, ಎರಡೂ ಕಡೆಯದು

ಬೆಂಗಳೂರಿನ ಖರ್ಚನ್ನು ಬರೆಯುವಾಗ ಜನ ಬಾಡಿಗೆ ಮಾತ್ರ ಬರೆಯುತ್ತಾರೆ. 25,000 ರೂಪಾಯಿ ಬಾಡಿಗೆಯ ಮನೆ ಹಿಡಿದಿರಿ ಎನ್ನಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮಾಲೀಕರು ಇನ್ನೂ ಇದ್ದಾರೆ; ಎರಡೂವರೆ ಲಕ್ಷ ಅವರ ಕೈಲಿ ಬಡ್ಡಿಯಿಲ್ಲದೆ ಕೂರುತ್ತದೆ. ಅದೇ ಹಣ ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 17,500 ರೂಪಾಯಿ ಬರುತ್ತಿತ್ತು. ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯೂ ಉಂಟು. 11 ತಿಂಗಳ ಕರಾರಿನಲ್ಲಿ ಇವೆರಡನ್ನೂ ಹಂಚಿದರೆ ಮನೆಯ ನಿಜವಾದ ಬಾಡಿಗೆ, ನಿರ್ವಹಣಾ ಶುಲ್ಕ ಬಿಟ್ಟು, 28,700ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ನಾನು ಈ ಪಾಠವನ್ನು ಕೈ ಸುಟ್ಟುಕೊಂಡೇ ಕಲಿತದ್ದು. ಮೇಲ್ ಬಂದ ವಾರದಲ್ಲೇ ಹೆದರಿ ಬೆಂಗಳೂರಿನಲ್ಲಿ ಮನೆಗೆ ಅಡ್ವಾನ್ಸ್ ಕೊಟ್ಟೆ. ಆಗ ನಾನಿದ್ದ ಕಂಪನಿ ಎರಡು ತಿಂಗಳೊಳಗೆ ಕಟ್ಟಡ ಸಾಲುತ್ತಿಲ್ಲವೆಂದು ನಮ್ಮ ತಂಡಕ್ಕೆ ಮತ್ತೆ ಮನೆಯಿಂದಲೇ ಮಾಡಿ ಎಂದಿತು. ಮಾಲೀಕರು ಲಾಕ್-ಇನ್ ಅವಧಿಯ, ಅಂದರೆ ಇಷ್ಟು ತಿಂಗಳೊಳಗೆ ಮನೆ ಬಿಡುವಂತಿಲ್ಲ ಎಂಬ, ಕಲಮು ತೋರಿಸಿದರು. ನಾನು ಅದನ್ನು ಓದಿರಲಿಲ್ಲ.

ಆದಾಯ ತೆರಿಗೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿದರೆ ಮನೆ ಬಾಡಿಗೆ ಭತ್ಯೆಯ ಮೇಲೆ ವಿನಾಯಿತಿ ಸಿಗುತ್ತದೆ, ಹಾಗಾಗಿ ಖರ್ಚು ಸ್ವಲ್ಪ ವಾಪಸ್ ಬರುತ್ತದೆ ಎಂದು ಭಾವಿಸುತ್ತಾರೆ. ಆ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಅದು ಇಲ್ಲ. 2023–24ರಿಂದ ನೀವು ಬೇರೆ ಹೇಳದಿದ್ದರೆ ಹೊಸ ಪದ್ಧತಿಗೇ ಸೇರಿಸಲಾಗುತ್ತದೆ. ಸಂಬಳದ ಚೀಟಿಯಲ್ಲಿ ನಿಮ್ಮದು ಯಾವ ಪದ್ಧತಿ ಎಂದು ನೋಡದೆ ಈ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮನೆಯಲ್ಲಿ ಕೆಲಸ ಮಾಡುವುದೇನೂ ಪುಕ್ಕಟೆಯಲ್ಲ. ಲ್ಯಾಪ್‌ಟಾಪ್ ಮತ್ತು ಮಾನಿಟರ್ ಸೇರಿ 90 ವಾಟ್, ಫ್ಯಾನ್ 75 ವಾಟ್ ಎಂದಿಟ್ಟುಕೊಂಡು ದಿನಕ್ಕೆ 9 ಗಂಟೆಯಂತೆ 22 ದಿನ ಓಡಿಸಿದರೆ, ಹಗಲಿರುಳು ಉರಿಯುವ ವೈಫೈ ರೌಟರ್ ಸೇರಿ ತಿಂಗಳಿಗೆ ಸುಮಾರು 40 ಯೂನಿಟ್ ಆಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಕೂಲರ್ ಹಾಕಿದರೆ ಇನ್ನೂ 25 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಒಂದೊಂದು ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಮಿತಿ ಗೊತ್ತುಮಾಡಲಾಗಿದೆ. ಮಿತಿ ಮೀರಿದ ಯೂನಿಟ್‌ಗಳಿಗೆ ಬೆಸ್ಕಾಂಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಇನ್ವರ್ಟರ್ ಬ್ಯಾಟರಿ, ಕುರ್ಚಿ, ಎರಡನೆಯ ಇಂಟರ್ನೆಟ್ ಸಂಪರ್ಕಗಳನ್ನೂ ಬರೆದುಕೊಳ್ಳಿ. ಇಷ್ಟೆಲ್ಲ ಸೇರಿದರೂ ಬೆಂಗಳೂರಿನ ಬಾಡಿಗೆಯ ಕಾಲು ಭಾಗ ತಲುಪುವುದು ಕಷ್ಟ. ಹಣವನ್ನಷ್ಟೇ ನೋಡಿದರೆ ದಾವಣಗೆರೆಯೇ ಗೆಲ್ಲುತ್ತದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯ ಹೆಜ್ಜೆ: ನಿಮ್ಮ ಕೆಲಸ ಯಾರಿಂದ ಕಲಿಯುವಂಥದ್ದು?

ಹಣ ಸುಲಭವಾಗಿ ಉತ್ತರ ಹೇಳಿಬಿಡುವುದರಿಂದಲೇ ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನೆಯಿಂದ ಕೆಲಸ ಮಾಡಿದವರ ಸಾಧನೆ ಶೇ 13ರಷ್ಟು ಹೆಚ್ಚಿತು. ಆದರೆ ಅಷ್ಟೇ ಸಾಧನೆ ತೋರಿದ ಕಚೇರಿಯವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಸಿಗುವುದು ಕಡಿಮೆಯಾಯಿತು. ಅದೇ ಕಂಪನಿಯಲ್ಲಿ 1,612 ಉದ್ಯೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ಮಾಡಲು ಬಿಟ್ಟರು. ಆಗ ಬಡ್ತಿಗೂ ಸಾಧನೆಗೂ ಧಕ್ಕೆಯಾಗಲಿಲ್ಲ, ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ಪೂರ್ತಿ ಕಣ್ಮರೆಯಾಗುವುದಕ್ಕೂ ಆಗಾಗ ಕಾಣಿಸಿಕೊಳ್ಳುವುದಕ್ಕೂ ಇರುವ ಅಂತರ ಇದು.

ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದವರು ಮನೆಯಲ್ಲೇ ಉಳಿಯಲು ಹಟ ಹಿಡಿಯಬಾರದೆಂದೇ ನನ್ನ ಅಭಿಪ್ರಾಯ. ಚಿತ್ರದುರ್ಗದ ಜೆ.ಸಿ.ಆರ್. ಬಡಾವಣೆಯಲ್ಲಿರುವ ನನ್ನ ಅಕ್ಕನ ಮಗಳು ಕಾಲೇಜು ಮುಗಿಸಿ ಸೇರಿದ್ದು ಮನೆಯಿಂದಲೇ. ಒಂದು ದೋಷ ಬಗೆಹರಿಯದೆ ಅವಳು ಮೂರು ದಿನ ತಿಣುಕಾಡಿದ್ದಳು. ಆಫೀಸಿಗೆ ಹೋದ ಮೊದಲ ವಾರ ಪಕ್ಕದ ಕುರ್ಚಿಯ ಹಿರಿಯರು ಅವಳ ಸ್ಕ್ರೀನ್ ಕಡೆ ಒಮ್ಮೆ ಬಗ್ಗಿ ನೋಡಿ, ‘ಮೊದಲು ಆ ಲಾಗ್ ತೆಗಿಯಮ್ಮ’ ಎಂದು ಹತ್ತು ನಿಮಿಷದಲ್ಲಿ ದಾರಿ ತೋರಿಸಿದರಂತೆ. ಮೀಟಿಂಗ್ ಹಾಕಿಸಿ ಕೇಳುವಷ್ಟು ದೊಡ್ಡದಲ್ಲದ ಇಂಥ ಪ್ರಶ್ನೆಗಳೇ ಹೊಸಬರ ನಿಜವಾದ ಪಾಠ. ಹತ್ತು ವರ್ಷ ಅನುಭವವಿದ್ದು, ತಂಡದ ಅರ್ಧ ಜನ ಬೇರೆ ದೇಶದಲ್ಲಿದ್ದು, ಆಫೀಸಿಗೆ ಹೋದರೂ ಹೆಡ್‌ಫೋನ್ ಹಾಕಿಕೊಂಡು ವಿಡಿಯೊ ಕರೆಯಲ್ಲೇ ಕೂರಬೇಕಾದವರಿಗೆ ಈ ವಾದ ಹೊಂದದು.

ಐದನೆಯ ಹೆಜ್ಜೆ: ಮನೆಯವರೊಂದಿಗೆ ಮಾತು

ಮನೆಯಲ್ಲಿ ಇದ್ದೇನೆ ಎಂದರೆ ಕೆಲಸದಲ್ಲಿದ್ದೇನೆ ಎಂದು ನಮ್ಮ ಕಡೆ ಯಾರೂ ತಿಳಿಯುವುದಿಲ್ಲ. ‘ಹೆಂಗೂ ಮನ್ಯಾಗೇ ಇರ್ತೀಯಲ್ಲ, ಸಿಲಿಂಡರ್ ಬಂದ್ರೆ ಇಳಿಸ್ಕೊ’ ಎಂಬ ಮಾತು ದಿನಕ್ಕೊಮ್ಮೆಯಾದರೂ ಬೀಳುತ್ತದೆ. ಮದುವೆ ಪತ್ರಿಕೆ ಹಿಡಿದು ಬಂದವರಿಗೆ ಚಹಾ ಮಾಡುವುದೂ ನಿಮ್ಮ ಪಾಲಿಗೇ. ಸೊಸೆಯಂದಿರಿಗೆ ಇದು ಇಮ್ಮಡಿ. ಇನ್ನೊಂದು ಕಡೆ, ವಯಸ್ಸಾದ ತಂದೆತಾಯಿಗೆ ರಾತ್ರಿ ಹೊತ್ತು ಏನಾದರೂ ಆದರೆ ನೀವು ಪಕ್ಕದ ಕೋಣೆಯಲ್ಲಿರುತ್ತೀರಿ, ಬೆಂಗಳೂರಿನಲ್ಲಿ ಅಲ್ಲ. ಇದಕ್ಕೆ ರೂಪಾಯಿಯ ಬೆಲೆ ಕಟ್ಟಲು ಹೋಗದೆ, ತಿಂಗಳಲ್ಲಿ ಯಾವ ಯಾವ ದಿನ ನಿಮ್ಮ ಇರುವಿಕೆ ಮನೆಗೆ ಅನಿವಾರ್ಯವೋ ಅವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ. ಡಾಕ್ಟರ ಭೇಟಿ, ಮಕ್ಕಳ ಪರೀಕ್ಷೆ ಎಂದು ಗುರುತಿಸುತ್ತ ಹೋದರೆ ಹೆಚ್ಚಿನ ಮನೆಗಳಲ್ಲಿ ಆ ದಿನಗಳು ಆರೇಳು ದಾಟುವುದಿಲ್ಲ. ಹಾಗಾದರೆ ಎರಡು ಕಂತಿನ ಆಫೀಸಿಗೆ ಜಾಗವಿದೆ ಎಂದಾಯಿತು.

ಆರನೆಯ ಹೆಜ್ಜೆ: ಉತ್ತರ ಬರೆಯುವುದು

ಮೇಲ್‌ನಲ್ಲಿ ಕಷ್ಟ ತೋಡಿಕೊಳ್ಳಬೇಡಿ, ಪ್ರಸ್ತಾವ ಇಡಿ. ‘ಪ್ರತಿ ತಿಂಗಳ ಮೊದಲ ಮತ್ತು ಮೂರನೆಯ ವಾರ, ಸೋಮವಾರದಿಂದ ಶುಕ್ರವಾರದವರೆಗೆ ನಾನು ಕಚೇರಿಯಲ್ಲಿರುತ್ತೇನೆ, ತಂಡದ ಯೋಜನಾ ಸಭೆಗಳನ್ನು ಆ ವಾರಗಳಲ್ಲಿ ಇಟ್ಟರೆ ಅನುಕೂಲ, ಮೂರು ತಿಂಗಳ ನಂತರ ಪರಿಶೀಲಿಸೋಣ’ ಎಂಬಷ್ಟು ಸ್ಪಷ್ಟವಾಗಿರಲಿ. ಫೋನಿನಲ್ಲಿ ಮ್ಯಾನೇಜರ್ ‘ಆಯ್ತು ಬಿಡಿ, ನಾನು ನೋಡ್ಕೋತೀನಿ’ ಎಂದರೆ ಸಾಲದು, ಏಕೆಂದರೆ ಅವರಿಗೇ ವರ್ಗವಾಗಬಹುದು. ಅದೇ ದಿನ ಮಾತಾದದ್ದನ್ನು ಮೇಲ್ ಮಾಡಿ, ಎಚ್‌.ಆರ್.ಗೆ ಪ್ರತಿ ಹಾಕಿ, ಒಪ್ಪಿಗೆಯ ಉತ್ತರ ಬರುವವರೆಗೆ ಕಾಯಿರಿ.

ಐದೂ ದಿನ ಬರಲೇಬೇಕು ಎಂದರೆ, ರಾಜೀನಾಮೆಯ ಯೋಚನೆಗಿಂತ ಮೊದಲು ನೋಟಿಸ್ ಅವಧಿ ಎಷ್ಟು ಎಂದು ನೋಡಿ. 90 ದಿನವಿದ್ದರೆ ಆ ಮೂರು ತಿಂಗಳನ್ನು ಎಲ್ಲಿಂದ ಕಳೆಯಬೇಕು ಎಂಬುದನ್ನೂ ಕೇಳಿ ತಿಳಿಯಬೇಕು. ಬಹುಮಟ್ಟಿಗೆ ಉತ್ತರ ಬೆಂಗಳೂರು ಎಂದೇ ಇರುತ್ತದೆ. ಹೇಗಿದ್ದರೂ ಹೋಗುವುದಾದರೆ ಮೊದಲ ಮೂರು ತಿಂಗಳು ಮನೆ ಹಿಡಿಯಬೇಡಿ. ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರದ ಪಿ.ಜಿ.ಯಲ್ಲಿ, ಒಂದು ತಿಂಗಳ ಅಡ್ವಾನ್ಸ್ ಮಾತ್ರ ಕೇಳುವ ಕಡೆ ಕೋಣೆ ನೋಡಿ. ದಾವಣಗೆರೆಯ ಇಂಟರ್ನೆಟ್ ಸಂಪರ್ಕವನ್ನೂ ಅಷ್ಟು ದಿನ ಕಡಿತಗೊಳಿಸಬೇಡಿ, ಮತ್ತೆ ಕೇಬಲ್ ಎಳೆಸುವುದಕ್ಕಿಂತ ಮೂರು ತಿಂಗಳ ಬಿಲ್ ಕಟ್ಟುವುದೇ ಅಗ್ಗ.