ಹಲವರ ಹೊಲ, ಒಂದೇ ಇಳಿಜಾರು: ಒಟ್ಟಾಗಿ ಬದು ಹಾಕುವ ಕ್ರಮ

ಇಳಿಜಾರಿನ ನಡುವೆ ಒಬ್ಬರೇ ಬದು ಹಾಕಿಕೊಂಡರೆ ಆ ಬದು ಮೇಲಿನ ಹೊಲಗಳ ನೀರನ್ನೂ ಹೊರಬೇಕು. ಜೋರು ಮಳೆಗೆ ಅದು ಒಡೆದು ಕೆಳಗಿನವರ ಮಣ್ಣು, ಬೆಳೆ ಎರಡನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ದಿಬ್ಬದ ನೆತ್ತಿಯಿಂದ ಹಳ್ಳದವರೆಗೆ ಯಾರ ಯಾರ ಜಮೀನಿದೆಯೋ ಅವರೆಲ್ಲ ಮೊದಲು ಒಂದೆಡೆ ಕೂರಬೇಕು. ಬದು ಹೋಗಬೇಕಾದದ್ದು ಜಮೀನಿನ ಗಡಿಯ ಗುಂಟ ಅಲ್ಲ, ನೆಲದ ಮಟ್ಟದ ಗುಂಟ.

ಇಲ್ಲಿ ಹೇಳುವ ಸಮಪಾತಳಿ ಬದು ಶೇ. 6ರ ಒಳಗಿನ ಇಳಿಜಾರಿಗೆ, ನೀರು ಚೆನ್ನಾಗಿ ಇಂಗುವ ಮಣ್ಣಿಗೆ, ವರ್ಷಕ್ಕೆ ಸುಮಾರು 800 ಮಿ.ಮೀ. ಒಳಗೆ ಮಳೆಯಾಗುವ ಕಡೆಗೆ ಹೊಂದುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುವ ಜಿಗುಟು ಕಪ್ಪು ಮಣ್ಣಿನಲ್ಲಿ ಇದನ್ನು ಹಾಕಬೇಡಿ. ಆ ಬಿರುಕುಗಳಲ್ಲೇ ನೀರು ನುಗ್ಗಿ ಬದು ಒಡೆಯುತ್ತದೆ.

ಅಗೆಯುವ ಮುನ್ನ

ಮೂರು ಮಾತು ಬರವಣಿಗೆಯಲ್ಲಿ ಇರಲಿ: ಯಾರ ಹೊಲದಲ್ಲಿ ಎಷ್ಟು ಜಾಗ ಬದುವಿಗೆ ಹೋಗುತ್ತದೆ, ಕೆಲಸದ ಆಳು ಹೇಗೆ ಹಂಚಿಕೆ, ಬದುವಿನ ಮೇಲೆ ಬೆಳೆದ ಹುಲ್ಲು ಯಾರಿಗೆ. ಜಾಗದ ಲೆಕ್ಕವನ್ನು ಮುಚ್ಚಿಡಬೇಡಿ. 30 ಮೀಟರ್‌ಗೊಂದು ಬದು, ಬುಡದ ಅಗಲ 2.1 ಮೀಟರ್ ಎಂದರೆ ನೂರಕ್ಕೆ ಏಳು ಪಾಲು ನೆಲ ಬದುವಿನಡಿ ಹೋಗುತ್ತದೆ. ಹುಲ್ಲಿನ ಹಕ್ಕನ್ನು ಜಾಗ ಕೊಟ್ಟವರಿಗೇ ಬಿಡುವುದು ನ್ಯಾಯ. ಬದುವನ್ನು ಕಾಯುವ ಆಸಕ್ತಿಯೂ ಆಗ ಅವರಿಗೇ ಇರುತ್ತದೆ.

ಅಂತರ ಎಷ್ಟು?

ಪಾರದರ್ಶಕ ಪೈಪಿಗೆ ಗುಳ್ಳೆ ಉಳಿಯದಂತೆ ನೀರು ತುಂಬಿ, 10 ಮೀಟರ್ ದೂರದ ಎರಡು ಕಡೆ ನೆಲದ ಎತ್ತರದ ವ್ಯತ್ಯಾಸ ಅಳೆಯಿರಿ. 30 ಸೆಂ.ಮೀ. ಇಳಿದಿದ್ದರೆ ಇಳಿಜಾರು ಶೇ. 3. ಈ ಅಂಕಿಯನ್ನು 3ರಿಂದ ಭಾಗಿಸಿ, 2 ಕೂಡಿಸಿ, 0.3ರಿಂದ ಗುಣಿಸಿದರೆ ಒಂದು ಬದುವಿಗೂ ಅದರ ಕೆಳಗಿನದಕ್ಕೂ ಇರಬೇಕಾದ ಮಟ್ಟದ ವ್ಯತ್ಯಾಸ ಮೀಟರಿನಲ್ಲಿ ಸಿಗುತ್ತದೆ. ಶೇ. 3ಕ್ಕೆ ಅದು 0.9 ಮೀಟರ್, ಅಂದರೆ ನೆಲದ ಮೇಲೆ 30 ಮೀಟರ್ ದೂರ. ಶೇ. 6ಕ್ಕೆ 1.2 ಮೀಟರ್, ದೂರ 20 ಮೀಟರ್.

ಮಟ್ಟ ಗುರುತಿಸುವುದು

ಇದಕ್ಕೆ ಮೂರು ಕೋಲಿನ ಚೌಕಟ್ಟು ಸಾಕು. ತಲಾ 2 ಮೀಟರಿನ ಎರಡು ನೇರ ಕೋಲುಗಳನ್ನು ತುದಿಯಲ್ಲಿ ಬಿಗಿದು ಕಾಲುಗಳನ್ನು 2 ಮೀಟರ್ ಅಗಲಿಸಿ. ನಡುವೆ ಅಡ್ಡಪಟ್ಟಿ ಕಟ್ಟಿ, ತುದಿಯಿಂದ ಒಂದು ದಾರ ಇಳಿಬಿಟ್ಟು, ಅಡ್ಡಪಟ್ಟಿಗಿಂತ ಕೆಳಗೆ ಕಲ್ಲು ತೂಗುವಂತೆ ಮಾಡಿ. ಎರಡೂ ಕಾಲಿನ ಜಾಗಕ್ಕೆ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲಿಟ್ಟು ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಟ್ಟನಡುವಿನ ಬಿಂದುವೇ ಸರಿಮಟ್ಟ. ಈ ತಿದ್ದುಪಡಿ ಬಿಟ್ಟರೆ ಪ್ರತಿ ಹೆಜ್ಜೆಗೂ ತಪ್ಪು ಕೂಡುತ್ತಾ ಹೋಗಿ, ನೂರು ಮೀಟರಿಗೆ ಬದು ಒಂದು ಕಡೆ ವಾಲಿರುತ್ತದೆ. ಗಾಳಿ ಬೀಸುವಾಗ ಅಳೆಯಬೇಡಿ.

ಚೌಕಟ್ಟನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗಿಸುತ್ತಾ ಗೂಟ ಹೊಡೆಯಿರಿ. ಸಾಲು ವಿಪರೀತ ಡೊಂಕಾದರೆ ಉಳುಮೆಗೆ ತೊಂದರೆ, ಆದ್ದರಿಂದ ಕಿರಿದಾದ ಉಬ್ಬು ದಾಟುವಾಗ 15 ಸೆಂ.ಮೀ.ವರೆಗೆ, ತಗ್ಗು ದಾಟುವಾಗ 30 ಸೆಂ.ಮೀ.ವರೆಗೆ ಮಟ್ಟ ಬಿಟ್ಟು ನೇರ ಮಾಡಿಕೊಳ್ಳಬಹುದು. ಆದರೆ ಬದುವಿನ ತಲೆ ಎಲ್ಲ ಕಡೆ ಒಂದೇ ಮಟ್ಟದಲ್ಲಿರಲೇಬೇಕು. ತಗ್ಗಿನಲ್ಲಿ ಅಷ್ಟು ಮಣ್ಣು ಹೆಚ್ಚಿಗೆ ಏರಿಸಿ. ಬದುಗಳು ಹೆಚ್ಚಾಗಿ ಒಡೆಯುವುದು ಇಲ್ಲೇ.

ಅಗೆತ

ಕೆಲಸ ನೆತ್ತಿಯಿಂದ ಶುರುವಾಗಿ ಕೆಳಗೆ ಬರಬೇಕು. ಕೆಳಗಿನ ಬದು ಮೊದಲಾದರೆ ನಡುವೆ ಬಂದ ಒಂದೇ ಮಳೆಗೆ ಇಡೀ ಇಳಿಜಾರಿನ ನೀರು ಅದರ ಮೇಲೆ ಬೀಳುತ್ತದೆ.

ಬದುವಿನ ಬುಡ 2.1 ಮೀಟರ್, ತಲೆ 0.3 ಮೀಟರ್, ಎತ್ತರ 0.6 ಮೀಟರ್. ಹೊಸ ಮಣ್ಣು ಕುಸಿಯುವುದರಿಂದ ಸುಮಾರು 70 ಸೆಂ.ಮೀ. ಏರಿಸಿ. ಬುಡದ ಜಾಗದಲ್ಲಿ ಹುಲ್ಲು, ಬೇರು ಕಿತ್ತು 10 ಸೆಂ.ಮೀ. ಆಳ ಕೆದಕದಿದ್ದರೆ ಹಳೆ ನೆಲಕ್ಕೂ ಹೊಸ ಮಣ್ಣಿಗೂ ಬೆಸುಗೆ ಆಗದೆ ನಡುವೆ ನೀರು ಜಿನುಗುತ್ತದೆ. ಒಂದೆರಡು ಹದ ಮಳೆ ಬಿದ್ದ ನಂತರ ಅಗೆಯುವುದು ಒಳ್ಳೆಯದು. ಒಣ ಹೆಂಟೆಗಳ ನಡುವೆ ಪೊಳ್ಳು ಉಳಿಯುತ್ತದೆ. ಹೆಂಟೆ ಒಡೆದು, 15 ಸೆಂ.ಮೀ. ಪದರ ಹಾಕಿ, ದಮ್ಮಸು ಮಾಡಿ, ಆಮೇಲೆ ಮುಂದಿನ ಪದರ.

ಮಣ್ಣನ್ನು ಬದುವಿನ ಮೇಲ್ಭಾಗದಿಂದಲೇ ತೆಗೆಯಿರಿ. ಮೇಲ್ಮಣ್ಣನ್ನು ಮೊದಲು ಬೇರೆ ರಾಶಿ ಮಾಡಿ, ಕೆಲಸ ಮುಗಿದ ಮೇಲೆ ಗುಂಡಿಗೆ ಮರಳಿ ಹರಡಿ. ಗುಂಡಿ ಅಗಲವಾಗಿ, 30 ಸೆಂ.ಮೀ. ಆಳಕ್ಕಿರಲಿ, ಮುಂದೆ ಅಲ್ಲಿ ಉಳಬಹುದು. ಗುಂಡಿಗೂ ಬದುವಿಗೂ ನಡುವೆ 30 ಸೆಂ.ಮೀ. ಬಿಡಿ. ಪ್ರತಿ 5 ಮೀಟರಿಗೆ ಅರ್ಧ ಮೀಟರ್ ಅಗೆಯದೆ ಉಳಿಸಿ, ಇಲ್ಲದಿದ್ದರೆ ಗುಂಡಿಯೇ ಕಾಲುವೆಯಾಗಿ ಬದುವಿನ ಬುಡ ಕೊರೆಯುತ್ತದೆ.

ಈ ಅಳತೆಯಲ್ಲಿ 100 ಮೀಟರ್ ಬದುವಿಗೆ 72 ಘನ ಮೀಟರ್ ಮಣ್ಣು ಬೇಕು. ಮೆದು ನೆಲದಲ್ಲಿ ಒಬ್ಬರು ದಿನಕ್ಕೆ 2 ಘನ ಮೀಟರ್ ಅಗೆದು ಹಾಕುತ್ತಾರೆಂದು ಇಟ್ಟುಕೊಂಡರೆ 36 ಆಳು. ಕೆಲಸ ಹಂಚುವಾಗ ಈ ಲೆಕ್ಕ ಹಿಡಿಯಿರಿ. ಗಟ್ಟಿ ನೆಲಕ್ಕೆ ಆಳು ಹೆಚ್ಚು ಬೇಕು.

ಕೋಡಿ, ಹುಲ್ಲು, ಕಾವಲು

ಇಂಗದೆ ಉಳಿದ ನೀರು ಹೋಗಲು ಪ್ರತಿ ಬದುವಿಗೂ ಕೋಡಿ ಇರಲಿ. ಅದರ ಹೊಸ್ತಿಲು ಬದುವಿನ ತಲೆಗಿಂತ 30 ಸೆಂ.ಮೀ. ಕೆಳಗಿರಬೇಕು. ಗಟ್ಟಿ ನೆಲ ನೋಡಿ ಕಲ್ಲು ಜೋಡಿಸಿ, ನೀರು ಧುಮುಕುವ ಕೆಳಬದಿಗೂ ಕಲ್ಲು ಹಾಸಿ. ಕೋಡಿಯ ನೀರು ಹುಲ್ಲು ಹಿಡಿದ ಓಣಿಯ ಮೂಲಕ ಹಳ್ಳ ಸೇರಬೇಕು. ಪಕ್ಕದವರ ಬಿತ್ತಿದ ಹೊಲಕ್ಕೆ ಬಿಟ್ಟರೆ ಒಪ್ಪಂದ ಅಲ್ಲಿಗೇ ಮುರಿಯುತ್ತದೆ.

ಮಳೆ ಹಿಡಿದೊಡನೆ ಬದುವಿನ ಮೇಲೆ ಲಾವಂಚ ನೆಡಿ. ಎಲೆ 20 ಸೆಂ.ಮೀ., ಬೇರು 10 ಸೆಂ.ಮೀ. ಉಳಿಸಿ ಕತ್ತರಿಸಿದ, ಎರಡು ಮೂರು ಕುಡಿಗಳಿರುವ ಸಸಿಗಳನ್ನು 10–15 ಸೆಂ.ಮೀ. ಅಂತರದಲ್ಲಿ ಊರಿ. ಸತ್ತ ಕಡೆ ಅದೇ ಮಳೆಗಾಲದಲ್ಲಿ ಮರುನಾಟಿ ಆಗಬೇಕು. ನೀರು ಖಾಲಿ ಬಿಟ್ಟ ಸಂದಿಯನ್ನೇ ಹುಡುಕಿಕೊಂಡು ನುಗ್ಗುತ್ತದೆ. ಬೇರು ಹಿಡಿಯುವವರೆಗೆ ಬದುವಿನ ಮೇಲೆ ದನ ಬಿಡಬೇಡಿ. ಉಳುಮೆ, ಬಿತ್ತನೆ ಬದುವಿನ ಗುಂಟವೇ ಸಾಗಲಿ.

ಮೊದಲ ವರ್ಷ ಪ್ರತಿ ದೊಡ್ಡ ಮಳೆಯ ಮರುದಿನ ಇಬ್ಬರು ನೆತ್ತಿಯಿಂದ ಹಳ್ಳದವರೆಗೆ ನಡೆದು ಕುಸಿತ, ಇಲಿ ಮತ್ತು ಏಡಿ ಬಿಲ, ಕೋಡಿಯ ಸಡಿಲ ಕಲ್ಲುಗಳನ್ನು ನೋಡಬೇಕು. ಬಿಲ ಸಿಕ್ಕರೆ ಬಾಯಿ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ, ತುದಿವರೆಗೆ ಅಗೆದು ಪದರ ಪದರವಾಗಿ ಮಣ್ಣು ತುಂಬಿ ಗುದ್ದಿ. ಬದು ಒಡೆದರೆ ಒಡೆದ ಅಂಚನ್ನು ಇಳಿಜಾರಾಗಿ ಮೆಟ್ಟಿಲು ಮೆಟ್ಟಿಲು ಕಡಿದುಕೊಂಡು ಹೊಸ ಮಣ್ಣು ಬೆಸೆಯಿರಿ. ನೆಟ್ಟಗಿನ ಅಂಚಿಗೆ ಮಣ್ಣು ಸುರಿದರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಒಡೆಯುತ್ತದೆ.