ಬೂಟ್ ಆಗುವಾಗ ಲಿನಕ್ಸ್‌ನ ವಟವಟ ನಿಲ್ಲಿಸುವುದು ಹೇಗೆ?

ಹಳೇ ಲ್ಯಾಪ್‌ಟಾಪಿಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿಕೊಂಡವರಿಗೆ ಇದು ಗೊತ್ತಿರುತ್ತದೆ. ಪವರ್ ಬಟನ್ ಒತ್ತಿದ್ದೇ ತಡ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡುತ್ತವೆ. 'ಎಸಿಪಿಐ ಬಯಾಸ್ ಎರರ್' ಅಂತ ನಾಲ್ಕೈದು ಸಾಲು ಬಂದರಂತೂ ಪಕ್ಕದಲ್ಲಿ ಕೂತವರು "ಏನೋ ಕೆಟ್ಟಿದೆ ಕಣೋ" ಅಂದೇಬಿಡುತ್ತಾರೆ. ಬಹಳಷ್ಟು ಸಲ ಏನೂ ಕೆಟ್ಟಿರುವುದಿಲ್ಲ. ಆದರೆ ಒಮ್ಮೊಮ್ಮೆ ಕೆಟ್ಟಿರುತ್ತದೆ. ಅದಕ್ಕೇ ಬಾಯಿ ಮುಚ್ಚಿಸುವ ಮೊದಲು ಅದು ಏನು ಹೇಳುತ್ತಿದೆ ಅಂತ ಒಂದು ಸಲ ಕೇಳಬೇಕು.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಕೊಡಿ. ಶುರುವಾಗದೆ ಬಿದ್ದುಹೋದ ಸೇವೆಗಳ ಪಟ್ಟಿ ಬರುತ್ತದೆ. ಆಮೇಲೆ 'ಜರ್ನಲ್‌ಸಿಟಿಎಲ್ -ಬಿ -ಪಿ ಇಆರ್‌ಆರ್' ಕೊಡಿ. ಈ ಸಲದ ಬೂಟ್‌ನಲ್ಲಿ ಬಂದ ದೋಷದ ಸಾಲುಗಳು ಮಾತ್ರ ಕಾಣುತ್ತವೆ. ಸಾವಿರಾರು ಸಾಲು ಓದುವ ಕಷ್ಟ ಇಲ್ಲ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಡಿಸ್ಕ್‌ನಲ್ಲಿ ಜಾಗ ಸಾಲದು ಅಂತ ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾದಾಗ ಬಳಸಲು ಡಿಸ್ಕ್‌ನಲ್ಲಿ ಮೀಸಲಿಟ್ಟ ಭಾಗ) ಅಳಿಸಿಹಾಕಿದ್ದೆ. ಆವತ್ತಿನಿಂದ ಬೂಟ್ ಮಾಡಿದಾಗೆಲ್ಲ 'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಎಂಬ ಸಾಲು, ಅದರ ಮುಂದೆ ಅತ್ತಿಂದಿತ್ತ ಓಡಾಡುವ ಕೆಂಪು ಚುಕ್ಕಿಗಳು, ಕೊನೆಯಲ್ಲಿ 1 ನಿಮಿಷ 30 ಸೆಕೆಂಡಿನ ಲೆಕ್ಕ. ದಿನಾ ಅಷ್ಟು ಹೊತ್ತು ಸುಮ್ನೆ ಕಾಯುತ್ತಿದ್ದೆ. ಪಾರ್ಟಿಷನ್ ಹೋಗಿತ್ತು, ಆದರೆ 'ಇಟಿಸಿ' ಫೋಲ್ಡರಿನ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಅದರ ಹೆಸರು ಹಾಗೇ ಉಳಿದಿತ್ತು. ಇಲ್ಲದ ಪಾರ್ಟಿಷನ್‌ಗಾಗಿ ಸಿಸ್ಟಮ್‌ಡಿ (ಬೂಟ್‌ನಲ್ಲಿ ಸೇವೆಗಳನ್ನೆಲ್ಲ ಶುರುಮಾಡುವ ತಂತ್ರಾಂಶ) 90 ಸೆಕೆಂಡ್ ದಾರಿ ಕಾಯುತ್ತಿತ್ತು, ಅಷ್ಟೇ! 'ಸುಡೊ ಬಿಎಲ್‌ಕೆಐಡಿ' (ಸುಡೊ ಅಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಅಂತ) ಕೊಟ್ಟು ನಿಜವಾಗಿ ಇರುವ ಪಾರ್ಟಿಷನ್‌ಗಳನ್ನು ನೋಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಇಲ್ಲದ್ದರ ಸಾಲಿನ ಶುರುವಿನಲ್ಲಿ ಒಂದು # ಚಿಹ್ನೆ ಹಾಕಿದೆ (ಆ ಸಾಲು ಲೆಕ್ಕಕ್ಕಿಲ್ಲ ಅಂತ ಅರ್ಥ). ಸಾಲೂ ಹೋಯಿತು, ಕಾಯುವುದೂ ತಪ್ಪಿತು. ಒಂದು ಎಚ್ಚರಿಕೆ: ಬರೀ / ಎಂದಿರುವ ರೂಟ್ (ಇಡೀ ಸಿಸ್ಟಮ್ ಇರುವ ಪಾರ್ಟಿಷನ್) ಸಾಲನ್ನು ಮಾತ್ರ ಮುಟ್ಟಬೇಡಿ. ಆಗಾಗ ಕಿತ್ತು ಹಾಕುವ ಹಾರ್ಡ್‌ಡಿಸ್ಕ್ ಆದರೆ # ಬೇಡ, ಆಯ್ಕೆಗಳ ಜಾಗದಲ್ಲಿ 'ನೋಫೇಲ್' ಎಂಬ ಪದ ಸೇರಿಸಿ ಸಾಕು.

ಇನ್ನು ಎಸಿಪಿಐ (ವಿದ್ಯುತ್ ಮತ್ತು ಹಾರ್ಡ್‌ವೇರ್ ನಿರ್ವಹಣೆಯ ವ್ಯವಸ್ಥೆ) ಸಾಲುಗಳು. ಇವು ಸಾಮಾನ್ಯವಾಗಿ ತಯಾರಕರು ಬಯಾಸ್‌ನಲ್ಲಿ (ಪವರ್ ಒತ್ತಿದಾಗ ಮೊದಲು ಓಡುವ ತಂತ್ರಾಂಶ) ಬಿಟ್ಟ ತಪ್ಪುಗಳ ಬಗ್ಗೆ ಲಿನಕ್ಸ್ ಹೇಳುವ ಚಾಡಿ. ಬಯಾಸ್ ಅಪ್‌ಡೇಟ್ ಸಿಕ್ಕರೆ ಹಾಕಿ. ಸಿಗದಿದ್ದರೆ, ಬ್ಯಾಟರಿ, ವೈಫೈ, ಸ್ಲೀಪ್ ಎಲ್ಲ ಸರಿ ಇದ್ದರೆ, ಅಡಗಿಸಿಬಿಡಬಹುದು.

ಅಡಗಿಸುವ ಕೀಲಿ ಇರುವುದು ಗ್ರಬ್‌ನಲ್ಲಿ, ಅಂದರೆ ಲಿನಕ್ಸನ್ನು ಶುರುಮಾಡಿಸುವ ತಂತ್ರಾಂಶದಲ್ಲಿ. ಕರ್ನಲ್ (ಲಿನಕ್ಸ್‌ನ ತಿರುಳು) ತನ್ನ ಪ್ರತಿ ಸಂದೇಶಕ್ಕೂ 0ರಿಂದ 7ರವರೆಗೆ ಒಂದು ಅಂಕಿ ಕೊಡುತ್ತದೆ. ಅಂಕಿ ಸಣ್ಣದಾದಷ್ಟೂ ವಿಷಯ ಗಂಭೀರ. 'ಕ್ವಯೆಟ್' ಎಂಬ ಪದ ಇದ್ದರೆ ಮಟ್ಟ ಸಾಮಾನ್ಯವಾಗಿ 4ಕ್ಕೆ ಇಳಿಯುತ್ತದೆ. ಅಂದರೆ 4ಕ್ಕಿಂತ ಸಣ್ಣವು ಮಾತ್ರ ಪರದೆಗೆ ಬರುತ್ತವೆ. ದೋಷಗಳ ಅಂಕಿ 3. ಅದಕ್ಕೇ ಕ್ವಯೆಟ್ ಇದ್ದರೂ ಎಸಿಪಿಐ ಸಾಲುಗಳು ನುಸುಳುತ್ತವೆ. 'ಲಾಗ್‌ಲೆವೆಲ್=3' ಅಂತ ಕೊಟ್ಟರೆ ಅವೂ ನಿಲ್ಲುತ್ತವೆ. ಅಳಿಸಿಹೋಗುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. 'ಸುಡೊ ಡಿಮೆಸೇಜ್' (ಡಿ, ನಂತರ ಎಂ-ಇ-ಎಸ್-ಜಿ) ಕೊಟ್ಟರೆ ನೋಡಬಹುದು.

ನೇರ ಕಡತಕ್ಕೆ ಕೈ ಹಾಕಬೇಡಿ, ಮೊದಲು ಪರೀಕ್ಷೆ ಮಾಡಿ. ಯಂತ್ರ ಶುರುವಾಗುವಾಗ ಎಸ್ಕೇಪ್ ಒತ್ತಿ (ತುಂಬಾ ಹಳೆಯದಾದರೆ ಶಿಫ್ಟ್ ಹಿಡಿದುಕೊಳ್ಳಿ). ಗ್ರಬ್ ಮೆನು ಬಂದಾಗ 'ಇ' ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಉದ್ದದ ಸಾಲಿನಲ್ಲಿ ಕ್ವಯೆಟ್ ಆದ ಮೇಲೆ ಲಾಗ್‌ಲೆವೆಲ್=3 ಸೇರಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ತಪ್ಪಾದರೆ ರೀಸ್ಟಾರ್ಟ್ ಮಾಡಿ, ಮುಗಿಯಿತು.

ಸರಿ ಅನ್ನಿಸಿದರೆ ಕಾಯಂ ಮಾಡಿ. 'ಇಟಿಸಿ'ಯ ಒಳಗಿನ 'ಡೀಫಾಲ್ಟ್' ಫೋಲ್ಡರಿನಲ್ಲಿ 'ಗ್ರಬ್' ಎಂಬ ಕಡತ ಇದೆ. ಅದರ ಒಂದು ನಕಲು ಇಟ್ಟುಕೊಂಡು, 'ಕ್ವಯೆಟ್ ಸ್ಪ್ಲ್ಯಾಶ್' ಇರುವ ಸಾಲಿನಲ್ಲಿ ಉದ್ಧರಣ ಚಿಹ್ನೆಯ ಒಳಗೇ ಹೊಸ ಪದ ಸೇರಿಸಿ. ಉಳಿಸಿದ ಮೇಲೆ 'ಸುಡೊ ಅಪ್‌ಡೇಟ್-ಗ್ರಬ್' ಕೊಡಿ. ಇದನ್ನು ಮರೆತು, ಏನೂ ಬದಲಾಗಲಿಲ್ಲ ಅಂತ ತಲೆ ಕೆರೆದುಕೊಳ್ಳುವವರೇ ಜಾಸ್ತಿ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಗ್ರಬ್ ಇರುವುದಿಲ್ಲ. ಅಲ್ಲಿ ಬೂಟ್ ವಿಭಾಗದ 'ಸಿಎಮ್‌ಡಿಲೈನ್' ಕಡತಕ್ಕೆ ಇದೇ ಪದಗಳನ್ನು ಸೇರಿಸಬೇಕು. ಎಲ್ಲವೂ ಒಂದೇ ಸಾಲಿನಲ್ಲಿರಲಿ, ಎಂಟರ್ ಒತ್ತಬೇಡಿ.

ಮುಂದೆ ಯಾವತ್ತಾದರೂ ಯಂತ್ರ ಲೋಗೋ ಹತ್ತಿರವೇ ನಿಂತುಬಿಟ್ಟರೆ ಎಸ್ಕೇಪ್ ಒತ್ತಿ ನೋಡಿ, ಹಿಂದಿನ ಸಾಲುಗಳು ಕಾಣಬಹುದು. ಕಾಣದಿದ್ದರೆ ಗ್ರಬ್‌ನಲ್ಲಿ 'ಇ' ಒತ್ತಿ ಕ್ವಯೆಟ್, ಸ್ಪ್ಲ್ಯಾಶ್, ಲಾಗ್‌ಲೆವೆಲ್ ಮೂರನ್ನೂ ತೆಗೆದು ಬೂಟ್ ಮಾಡಿ.

ಇಷ್ಟಾದರೂ ಕೆಲವು ಯಂತ್ರಗಳಲ್ಲಿ ಒಂದು ಸಾಲು ಉಳಿದುಕೊಳ್ಳುತ್ತದೆ: ಡಿಸ್ಕಿನ ಹೆಸರು, 'ಕ್ಲೀನ್' ಎಂಬ ಪದ, ಫೈಲ್ ಮತ್ತು ಬ್ಲಾಕ್‌ಗಳ ಲೆಕ್ಕ. ಅದು ಕರ್ನಲ್‌ನ ಮಾತಲ್ಲ, ಡಿಸ್ಕ್ ಪರೀಕ್ಷಿಸುವ ಎಫ್‌ಎಸ್‌ಸಿಕೆಯದ್ದು. ಲಾಗ್‌ಲೆವೆಲ್ ಅದಕ್ಕೆ ನಾಟುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಗೇ ಬಿಟ್ಟಿದ್ದೇನೆ. ಹಳೇ ಡಿಸ್ಕು ನೋಡಿ, ಬೆಳಿಗ್ಗೆ 'ಕ್ಲೀನ್' ಅಂತ ಕಂಡರೆ ಏನೋ ಸಮಾಧಾನ.